ಭಾವನ ದಂತಕಥೆ

ಗಿಟಾರನ್ನು ಹಲ್ಲಿನಿಂದ ನುಡಿಸುವುದು ಹಾರ್ಡ್ ರಾಕ್ ಸಂಗೀತದ ಹಳೆಯ ಚಮತ್ಕಾರ. ಆ ಹಲ್ಲು ನುಡಿಸುವವನ ಸ್ವಂತದ್ದಾಗಿರಬೇಕು ಎಂದು ಯಾರೂ ನಿಯಮ ಮಾಡಿಟ್ಟಿಲ್ಲ. ಮಾಡಿಟ್ಟಿದ್ದರೆ ಭಾವನ ಮಾನ ಉಳಿಯುತ್ತಿತ್ತು.

ಕಾರ್ಖಾನೆಯೊಂದರ ಕಾರ್ಮಿಕರ ಕ್ಲಬ್ಬಿನಲ್ಲಿ ಅಂದು ವಾರ್ಷಿಕ ಸಂಜೆ. ಮಡಚುವ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಮಡಚಿಯೇ ಇದ್ದವು. ಕೊನೆಯ ಹಾಡಿನ ಕೊನೆಗೆ ಭಾವ ಎಂದಿನಂತೆ ಗಿಟಾರನ್ನು ಮುಖದ ತನಕ ಎತ್ತಿ ತಂತಿಗೆ ಬಾಯಿ ಹಾಕಿದರು. ಅವರ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಕಟ್ಟಿದ ಹಲ್ಲು. ಅಂಥ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಹಿಡಿದಿಡಲು ಸಣ್ಣ ತಂತಿಯ ಕೊಕ್ಕೆಯೊಂದು ಇರುತ್ತದೆ. ಹಲ್ಲಿನ ತಂತಿ ಗಿಟಾರಿನ ತಂತಿಗೆ ಸಿಕ್ಕಿಕೊಂಡಿತು. ಭಾವ ತಲೆ ಎತ್ತಿದರು, ಹಲ್ಲು ಏಳಲಿಲ್ಲ. ಗುಲಾಬಿ ಬಣ್ಣದ ವಸಡಿನ ಸಮೇತ ಗಿಟಾರಿನ ಮೇಲೆ ಕೂತು ಅದು ಸಭಿಕರ ಕಡೆ ನೋಡಿ ಕಿಸಿಯಿತು.

ಭಾವ ಸಭ್ಯರು. ಮೈಕಿನ ಹತ್ತಿರ ಹೋಗಿ, "ಎಲ್ಲರಿಗೂ ಹನ್ಯವಾಹಗಳು" ಎಂದರು.

ತ, ಥ, ದ, ಧಗಳನ್ನು ವ್ಯಾಕರಣದವರು ದಂತ್ಯಾಕ್ಷರ ಎಂದು ಏಕೆ ಕರೆದರೆಂಬುದು, ಹಿಂದೆ ಡ್ರಮ್ ಬಾರಿಸುತ್ತ ಕೂತಿದ್ದ ಮೈದುನನಿಗೆ ಶಾಲೆ ಬಿಟ್ಟು ಎಷ್ಟೋ ಕಾಲದ ಮೇಲೆ ಆಗ ಅರ್ಥವಾಯಿತು. ನಗಬಾರದೆಂದು ಅವನು ಹಲ್ಲು ಕಚ್ಚಿದ. ಅವನ ಬಳಿ ಕಚ್ಚಲು ಹಲ್ಲಿದ್ದವು.

ಭಾವ ಎಂದರೆ ಮೈದುನನ ಅಕ್ಕನ ಗಂಡ. ಅವನು ಹಾಗೆ ಕರೆಯುತ್ತಿದ್ದನೆಂದು ತಂಡದ ಹಾಡುಗಾರನೂ ಬೇಸ್ ಗಿಟಾರಿನವನೂ ಭಾವ ಎಂದೇ ಕರೆದು, ಕೊನೆಗೆ ಪ್ರಚಾರದ ಚೀಟಿಗಳಲ್ಲೂ 'ಗಿಟಾರ್: ಭಾವ' ಎಂದೇ ಅಚ್ಚಾಗತೊಡಗಿತು. ಒಮ್ಮೆ ಪತ್ರಿಕೆಯೊಂದು 'ಈ ತಂಡದಲ್ಲಿ ಶಬ್ದ ಹೆಚ್ಚು, ಭಾವ ಕಡಿಮೆ' ಎಂದು ಬರೆಯಿತು.

"ಕಡಿಮೆ ಎಲ್ಲಿ ಬಂತು? ಬೇಕಾದ್ರೆ ತೂಕ ಹಾಕಿ ನೋಡ್ಲಿ!" ಎಂದ ಹಾಡುಗಾರ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕರು, ಆದರೆ ಆ ವಾಕ್ಯ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವರೊಳಗೆ ಉಳಿದುಬಿಟ್ಟಿತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಹಗಲು ಅವರದು ಹಲ್ಲು ಕಟ್ಟುವ ಕೆಲಸ, ಸಂಜೆ ಹಾಡು ಕಟ್ಟುವ ಕೆಲಸ. ಹಲ್ಲಿನ ಡಾಕ್ಟರೊಬ್ಬರ ದವಾಖಾನೆಯ ಹಿಂದಿನ ಮೆಟ್ಟಿಲು ಹತ್ತಿದರೆ ಅವರ ಕೋಣೆ. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಬಿಳಿ ಅಚ್ಚಿನ ದವಡೆಗಳು. ತುಟಿಯಿಲ್ಲದೆ, ಮುಖವಿಲ್ಲದೆ, ಎಲ್ಲವೂ ಏನೋ ಹೇಳಹೊರಟು ನಿಂತಂತೆ. ಕೆಲಸ ಕಲಿಯಲು ಸೇರಿದ ವಯಸ್ಸಿನಲ್ಲಿ, ಉಜ್ಜುವ ಯಂತ್ರದ ಸದ್ದಿನ ನಡುವೆ, ಅದೇ ಕೋಣೆಯ ರೇಡಿಯೋದಲ್ಲಿ ಅವರು ಬ್ಲೂಸ್ ಕೇಳಿದ್ದು. ನೋವನ್ನು ಹೇಳಿ ಮುಗಿಸದೆ, ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದು, ಒಂದು ಸ್ವರವನ್ನು ಇನ್ನೊಂದು ಸ್ವರದ ಹೊಸ್ತಿಲ ತನಕ ಒಯ್ದು ಅಲ್ಲೇ ನಿಲ್ಲಿಸುವ ಸಂಗೀತ ಅದು. ಆಮೇಲೆ ಜನಕ್ಕೆ ಜೋರು ಬೇಕಾಯಿತು, ಇವರೂ ಜೋರಾದರು.

"ಹಾರ್ಡ್ ರಾಕ್ ಅಂದ್ರೆ ಗಟ್ಟಿ ಕಲ್ಲು ಕಣೋ" ಎನ್ನುತ್ತಿದ್ದರು ಮೈದುನನಿಗೆ. "ಒಳಗೆ ನೀರಿದೆ ಅಂತ ನಂಬಿ ಕುಟ್ತಾ ಇರ್ಬೇಕು."

ಕುಟ್ಟಿದರು. ಹಾಡುಗಾರ ಆವೇಶ ಬಂದು ತಿರುಗಿಸಿದ ಮೈಕಿನ ಕೋಲು ಭಾವನ ಮುಂದಿನ ಎರಡು ಹಲ್ಲು ಕಿತ್ತಾಗ, ಮರುದಿನವೇ ತಮ್ಮ ಬಾಯಿಗೆ ತಾವೇ ಹಲ್ಲು ಕಟ್ಟಿಕೊಂಡು ಕೆಲಸಕ್ಕೆ ಬಂದರು. ವರ್ಷಗಳು ಹೋದಂತೆ ಬೇರೆ ತಂಡಗಳು ದೊಡ್ಡವಾದವು, ಇವರ ತಂಡ ಹಳೆಯದಾಯಿತು. ಅವರು ಕಟ್ಟಿದ್ದರಲ್ಲಿ ಅವರಿಗೆ ಪ್ರಾಣವಾಗಿದ್ದದ್ದು ಒಂದು ನಿಧಾನದ ಹಾಡು, ಮಾತಿಲ್ಲದ್ದು, ಬರೀ ಗಿಟಾರು. ಅದು ಶುರುವಾದರೆ ಜನ ಎದ್ದು ಶೌಚಾಲಯಕ್ಕೆ ಹೋಗುತ್ತಿದ್ದರು. ಹಾಡುಗಾರ ಅದಕ್ಕೆ 'ಇಂಟರ್ವಲ್' ಎಂದು ಹೆಸರಿಟ್ಟಿದ್ದ. ಹೊತ್ತಾಯಿತು ಎಂದು ಏನನ್ನಾದರೂ ಬಿಡಬೇಕಾದಾಗ ಮೊದಲು ಬಿಡುತ್ತಿದ್ದದ್ದೂ ಅದನ್ನೇ. ತುಂಬಿದ ಸಭೆಯೊಂದು ಅದನ್ನು ಮೊದಲಿಂದ ಕೊನೆಯ ತನಕ ಒಮ್ಮೆ ಕೂತು ಕೇಳಲಿ ಎಂಬುದು ಬಿಟ್ಟು ಭಾವನಿಗೆ ಬೇರೆ ಆಸೆ ಉಳಿದಿರಲಿಲ್ಲ.

ಅಂಥವರ ಹಲ್ಲು ಈಗ ಊರೆಲ್ಲ ಓಡಾಡತೊಡಗಿತು. ಕ್ಲಬ್ಬಿನಲ್ಲಿ ಯಾರೋ ಫೋನಿನಲ್ಲಿ ಹಿಡಿದಿದ್ದರು. ಮೂರು ದಿನದಲ್ಲಿ ಅದನ್ನು ನೋಡದವರೇ ಇಲ್ಲ ಎಂಬಂತಾಯಿತು. ಬೇಕರಿಯವನು ಬ್ರೆಡ್ ಕೊಡುತ್ತ "ಮೆತ್ತಗಿದೆ ಸಾರ್, ಧೈರ್ಯವಾಗಿ ತಿನ್ನಿ" ಎಂದ. ಅದೂ ಸಹಿಸಬಹುದಿತ್ತು. ಆದರೆ ಡಾಕ್ಟರ ಬಳಿ ಬಂದವರು "ಹಲ್ಲು ಕಟ್ಟೋರು ಅವರೇನಾ?" ಎಂದು ಕೇಳಿ ಎದ್ದುಹೋಗತೊಡಗಿದರು. ತನ್ನ ಹಲ್ಲನ್ನೇ ಹಿಡಿದಿಟ್ಟುಕೊಳ್ಳಲಾರದವನ ಕೈಗೆ ಯಾರು ಬಾಯಿ ಕೊಡುತ್ತಾರೆ? ವಯಸ್ಸಾದಂತೆ ವಸಡು ಸವೆಯುತ್ತದೆ, ಹಲ್ಲನ್ನು ಮತ್ತೆ ಬಿಗಿ ಮಾಡಿಸಿಕೊಳ್ಳಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದವರು ತಮ್ಮದನ್ನು ಮರೆತಿದ್ದರು. ಈಗ ಕೂತು, ಕೊಕ್ಕೆ ತಿರುಚಿ, ವಸಡು ತುಂಬಿ, ಇಕ್ಕಳ ಹಾಕಿದರೂ ಅಲುಗದಷ್ಟು ಬಿಗಿ ಮಾಡಿಕೊಂಡರು. ಬಾಯಿಯನ್ನೂ ಅಷ್ಟೇ ಬಿಗಿ ಮಾಡಿಕೊಂಡರು. ಸಂಜೆ ಗಿಟಾರು ಪೆಟ್ಟಿಗೆಯಿಂದ ಹೊರಗೆ ಬರುವುದು ನಿಂತಿತು.

ಆಗ ಮೈದುನನನ್ನು ಹುಡುಕಿಕೊಂಡು ಒಬ್ಬ ಸಂಘಟಕ ಬಂದ. ಮೈದುನನದು ಶಾಲಾ ವ್ಯಾನ್ ಓಡಿಸುವ ಕೆಲಸ. ಸಿಗ್ನಲ್ಲಿನಲ್ಲಿ ನಿಂತಾಗಲೂ ಸ್ಟೀರಿಂಗಿನ ಮೇಲೆ ತಾಳ ಹಾಕುವವನು. ಕ್ಲಬ್ಬು, ಹೋಟೆಲು, ಅಂಗಡಿ ಉದ್ಘಾಟನೆಗಳಲ್ಲಿ ಬಾರಿಸಿ ಬಾರಿಸಿ ಸಾಕಾಗಿದ್ದ ಮೈದುನನಿಗೆ ಇದ್ದದ್ದು ಮೈದಾನದ ಹುಚ್ಚು. ಒಮ್ಮೆ, ಒಂದೇ ಒಂದು ಸಲ, ಆಕಾಶದ ಕೆಳಗೆ, ಜನಸಾಗರದ ಮುಂದೆ.

"ಕ್ರೀಡಾಂಗಣದಲ್ಲಿ ನಮ್ಮದೊಂದು ದೊಡ್ಡ ಕಾರ್ಯಕ್ರಮ ಇದೆ. ಮೊದಲು ನೀವು, ಆಮೇಲೆ ದೊಡ್ಡ ತಂಡ" ಎಂದ ಸಂಘಟಕ. "ನಿಮ್ಮ ಗಿಟಾರಿನವರು ಸೂಪರ್ ಸಾರ್. ನೋಡಿ ನೋಡಿ ಹೊಟ್ಟೆ ಹುಣ್ಣಾಯ್ತು."

"ಅವರ ನಿಧಾನದ ಹಾಡು ಕೇಳಿದ್ದೀರಾ?"

"ಹಾಡೂ ಇರ್ಲಿ, ಯಾರು ಬೇಡ ಅಂದ್ರು? ಆದ್ರೆ ಹಲ್ಲು ಬೀಳ್ಬೇಕು. ಬೀಳಲ್ಲ ಅಂದ್ರೆ ಈಗ್ಲೇ ಹೇಳಿ, ಬೇರೆಯವರನ್ನ ನೋಡ್ಕೋತೀವಿ."

ಮೈದುನನ ಕಣ್ಣ ಮುಂದೆ ಮೈದಾನ ಬಂದು ನಿಂತಿತು. "ಬೀಳುತ್ತೆ ಸಾರ್" ಎಂದುಬಿಟ್ಟ.

ಭಾವನಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ದವಾಖಾನೆಯ ಎದುರಿನ ಗೋಡೆಯ ಮೇಲೆ ಪೋಸ್ಟರು ಬಂತು. ಮಧ್ಯಾಹ್ನ ಭಾವ ಕೆಲಸದ ನಿಲುವಂಗಿಯಲ್ಲೇ ವ್ಯಾನಿನ ಹತ್ತಿರ ಬಂದು ನಿಂತರು.

"ನೋಡಿದ್ಯೇನೋ?"

"ಏನ್ ಭಾವ?"

"ಗೋಡೆ ಮೇಲೆ. 'ಜೀವಂತ ದಂತಕಥೆ' ಅಂತ ಹಾಕಿದ್ದಾರಲ್ಲೋ ನನ್ನನ್ನ!" ಕಿವಿಯ ತುದಿ ಕೆಂಪಾಗಿತ್ತು. "ಅಷ್ಟೊಂದೆಲ್ಲ ಬೇಡಿತ್ತಪ್ಪ."

ಹಲ್ಲಿನ ನಡುವೆಯೇ ಬದುಕಿದ ಮನುಷ್ಯ, ಆ ಒಂದು ಪದದೊಳಗಿನ ಹಲ್ಲನ್ನು ಮಾತ್ರ ನೋಡಲಿಲ್ಲ. ದಂತಕಥೆ ಎಂದರೆ ಲೋಕ ಬಾಯಲ್ಲಿಟ್ಟುಕೊಂಡು ಹೇಳುವ ಹಿರಿಮೆ ಎಂದಷ್ಟೇ ಓದಿಕೊಂಡರು. ಪದವನ್ನು ಬಿಡಿಸಿ ನೋಡುವ ಮನಸ್ಸೂ ಅವರಿಗೆ ಇರಲಿಲ್ಲವೇನೋ. ಅಂದು ಸಂಜೆಯೇ ಗಿಟಾರಿನ ಪೆಟ್ಟಿಗೆ ತೆರೆಯಿತು.

ಎರಡು ದಿನ ಬಿಟ್ಟು ಮೈದುನ ಅಕ್ಕನ ಬಳಿ ಓಡಿದ. ಅಕ್ಕ ಗ್ರಂಥಾಲಯದಲ್ಲಿ ಗುಮಾಸ್ತೆ. ಹಗಲೆಲ್ಲ ಜನರಿಗೆ "ಶ್" ಎನ್ನುವುದು, ಮನೆಗೆ ಬಂದು ಆಂಪ್ಲಿಫೈಯರ್ ಪಕ್ಕ ಮಲಗುವುದು ಆಕೆಯ ಹಣೆಬರಹ. ಹೀಗಾಗಿ ಪಿಸುದನಿಯಲ್ಲಿ ಬೈಯುವುದರಲ್ಲಿ ಆಕೆಗೆ ಸರಿಸಾಟಿಯಿರಲಿಲ್ಲ.

"ಹೋಗಿ ಹೋಗಿ ನನ್ನ ಗಂಡನ ಹಲ್ಲು ಮಾರಿದ್ಯಲ್ಲೋ ಪಾಪಿ!"

"ಅಕ್ಕ, ನೀನೇ ಹೇಳ್ಬಿಡೇ. ನಿನ್ನ ಮಾತಾದ್ರೆ..."

"ಯಾಕೆ? ಒಪ್ಕೊಳ್ಳೋಕೆ ನಿನ್ನ ಬಾಯಿ, ಒದ್ದಾಡೋಕೆ ನನ್ನ ಬಾಯಾ?" ಪುಸ್ತಕಗಳ ಮೇಲೆ ಮುದ್ರೆ ಒತ್ತುತ್ತಲೇ ಆಕೆ ಮುಂದುವರಿಸಿದಳು. "ಇಷ್ಟು ದಿನ ಕನ್ನಡಿ ಮುಂದೆ ನಿಂತು ಬಾಯಿ ಮುಚ್ಕೊಂಡು ನಗೋದು ಅಭ್ಯಾಸ ಮಾಡ್ತಿದ್ರು ಕಣೋ. ಈಗ ಎರಡು ದಿನದಿಂದ ಬಾಯ್ತುಂಬ ನಗ್ತಿದ್ದಾರೆ. ಅದನ್ನ ಕೀಳೋ ಇಕ್ಕಳ ನನ್ನ ಕೈಗೆ ಕೊಡ್ಬೇಡ. ನೀನೇ ಕೀಳು."

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ತಲೆ ಎತ್ತಿ "ಶ್" ಎಂದರು.

ಬೇರೆ ದಾರಿ ಕಾಣದೆ ಮೈದುನ ಹಿಂದಿನ ಮೆಟ್ಟಿಲು ಹತ್ತಿದ. ಭಾವ ಯಂತ್ರದಲ್ಲಿ ಯಾರದೋ ದವಡೆಹಲ್ಲು ಉಜ್ಜುತ್ತಿದ್ದರು.

"ಭಾವ, ಆ ದಂತಕಥೆ ಅಂದ್ರೆ..."

"ಗೊತ್ತು ಕಣೋ. ಲೆಜೆಂಡು."

"ಅಲ್ಲ ಭಾವ. ದಂತ... ಕಥೆ."

ಯಂತ್ರ ನಿಂತಿತು. ಹಲಗೆಯ ಮೇಲಿನ ದವಡೆಗಳೆಲ್ಲ ಒಟ್ಟಾಗಿ ಅವನ ಕಡೆ ನೋಡಿದಂತಾಯಿತು. ಮೈದುನ ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಭಾವ ಕೈಯಲ್ಲಿದ್ದ ಹಲ್ಲಿನ ಧೂಳನ್ನು ಊದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಿಗೆ ಬೀಳ್ಬೇಕಂತೆ? ಗಿಟಾರ್ ಮೇಲಕ್ಕೋ, ನೆಲಕ್ಕೋ?"

"ಬೇಡ ಅಂದ್ರೆ ಬೇಡ ಭಾವ. ಆಗಲ್ಲ ಅಂತ ಹೇಳ್ಬಿಡ್ತೀನಿ."

"ನೀನು ಹೇಳಲ್ಲ" ಎಂದರು ಭಾವ, ಅಚ್ಚು ತೆಗೆದು ಅಳತೆ ಓದುವವರ ಹಾಗೆ. ಮೈದುನ ನೆಲ ನೋಡಿದ. ಭಾವ ಹಲ್ಲನ್ನು ಪಕ್ಕಕ್ಕಿಟ್ಟು ಕೇಳಿದರು. "ಹಲ್ಲು ಬೀಳೋ ತನಕ ಜನ ಎದ್ದು ಹೋಗಲ್ಲ, ಅಲ್ವಾ?"

"ಯಾರು ಹೋಗ್ತಾರೆ ಭಾವ? ಅದಕ್ಕೇ ಬರೋದು."

"ಹಾಗಾದ್ರೆ ನಿಧಾನದ ಹಾಡಲ್ಲಿ ಬೀಳ್ಸ್ತೀನಿ. ಕೊನೇಲಿ."

ಅಂದಿನಿಂದ ಅವರು ಇನ್ನೊಂದು ಜೊತೆ ಹಲ್ಲು ಮಾಡಲು ಕೂತರು. ಕೊಕ್ಕೆ ಉದ್ದ, ವಸಡು ತೆಳು, ನಾಲಗೆಯಿಂದ ನೂಕಿದರೆ ಕಳಚುವಂಥದ್ದು. "ಎಷ್ಟೋ ಜನಕ್ಕೆ ಬೀಳದ ಹಾಗೆ ಕಟ್ಕೊಟ್ಟೆ. ಬೀಳೋ ಹಾಗೆ ಕಟ್ತಿರೋದು ಇದೇ ಮೊದಲು" ಎಂದರು ಒಮ್ಮೆ, ಮೇಣ ಕರಗಿಸುತ್ತ. ತಾಲೀಮಿನಲ್ಲಿ ಹೊಸ ಹಲ್ಲು ಪ್ರತಿ ಸಲವೂ ಸರಾಗವಾಗಿ ಬಿತ್ತು. ಹಾಡುಗಾರ ಪ್ರತಿ ಸಲವೂ ನಕ್ಕ. ಭಾವ ಪ್ರತಿ ಸಲವೂ ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಅಕ್ಕ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಳು.

ಮೈದಾನ ಮೈದುನ ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ತಲೆಗಳು, ವೇದಿಕೆಯ ಎರಡೂ ಪಕ್ಕ ಮನೆಯೆತ್ತರದ ಪರದೆಗಳು. ಜೀವಮಾನವಿಡೀ ಬಯಸಿದ್ದು ಕಣ್ಣೆದುರಿಗಿದ್ದರೂ ಮೈದುನ ನೋಡುತ್ತಿದ್ದದ್ದು ಭಾವನ ಬೆನ್ನನ್ನೇ. ಮೊದಲ ಹಾಡಿಗೇ ಜನ ಕೂಗಲು ಶುರು ಮಾಡಿದರು. "ಹಲ್ಲು! ಹಲ್ಲು! ಹಲ್ಲು!" ಅವನು ಯಾವ ತಾಳ ಹಾಕಿದರೂ ಅವರು ಅದಕ್ಕೆ ಸರಿಯಾಗಿ ಕೂಗುತ್ತಿದ್ದರು.

ನಿಧಾನದ ಹಾಡು ಬಂತು. ಕ್ಯಾಮೆರಾ ಭಾವನ ಬಾಯಿಗೆ ಹೋಗಿ ನಿಂತಿತು. ಪರದೆಯ ಮೇಲೆ ಮನೆಯಷ್ಟು ದೊಡ್ಡ ಬಾಯಿ, ಬಿಗಿಯಾಗಿ ಮುಚ್ಚಿತ್ತು. ಭಾವ ಮೊದಲ ತಂತಿಯನ್ನು ಎಳೆದರು. ಸ್ವರ ಹೊಸ್ತಿಲ ತನಕ ಹೋಗಿ ನಿಂತಿತು. ಯಾರೂ ಎದ್ದು ಹೋಗಲಿಲ್ಲ. ಹಾಡಿನ ಕೊನೆ ಸಮೀಪಿಸಿದಾಗ ಅವರು ಗಿಟಾರನ್ನು ಎತ್ತಿ ತಂತಿಗೆ ಬಾಯಿ ಇಟ್ಟರು. ಮೈದಾನ ಉಸಿರು ಹಿಡಿಯಿತು. ತಂತಿ ಬಿಕ್ಕಿದಂತೆ ಒಂದು ಸದ್ದು ಮಾಡಿತು. ಭಾವ ತಲೆ ಎತ್ತಿದರು. ಹಲ್ಲು ಬಾಯಲ್ಲೇ ಇತ್ತು.

ಅವರು ಹಾಡನ್ನು ಮುಗಿಸಲಿಲ್ಲ, ಮತ್ತೆ ಮೊದಲಿಗೆ ತಂದರು. ಮೈದುನ ಕಣ್ಣುಬಾಯಿ ಬಿಟ್ಟು ತಾಳ ಹಿಡಿದ. ಎರಡನೆಯ ಸಲ ಬಾಯಿ ತಂತಿಗೆ ಹೋದಾಗ ಸದ್ದು ಇನ್ನೂ ಆಳದಿಂದ ಬಂತು. ಮುಖ ಮೇಲೆ ಬಂದಾಗ ಪರದೆಯ ಮೇಲೆ ಎಲ್ಲರಿಗೂ ಕಂಡಿತು, ಭಾವನ ಕಣ್ಣಲ್ಲಿ ನೀರು. ಕೂಗುತ್ತಿದ್ದವರು ಕೂಗು ನಿಲ್ಲಿಸಿದರು. ಅವರು ಹಲ್ಲಿಗಾಗಿ ಕಾಯುತ್ತಿದ್ದರೋ, ಹಾಡು ಕೇಳುತ್ತಿದ್ದರೋ, ಒಂದು ಇನ್ನೊಂದಾದದ್ದು ಯಾವಾಗ ಎಂಬುದೂ ಮೈದುನನಿಗೆ ತಿಳಿಯಲಿಲ್ಲ. ಕೊನೆಯ ಸ್ವರವನ್ನು ಭಾವ ಎಳೆದು ಹಿಡಿದು, ಅದು ತಾನಾಗಿ ಆರುವ ತನಕ ಹಾಗೇ ನಿಂತರು. ಆಮೇಲೆ ಅರ್ಧ ಮೈದಾನ ಚಪ್ಪಾಳೆ ಹೊಡೆಯಿತು. ಇನ್ನರ್ಧ "ಮೋಸ!" ಎಂದು ಕೂಗಿತು. ಖಾಲಿ ಬಾಟಲಿಯೊಂದು ಹಾರಿ ಬಂದು ಡ್ರಮ್ಮಿಗೆ ಬಡಿದು, ತಾಳಕ್ಕೆ ಸರಿಯಾಗಿಯೇ ಸದ್ದು ಮಾಡಿತು.

ವೇದಿಕೆಯ ಹಿಂದೆ ಸಂಘಟಕ ಕೆಂಡವಾಗಿದ್ದ. "ಇನ್ನು ಈ ಜನ್ಮದಲ್ಲಿ ನಿಮಗೆ ಮೈದಾನ ಇಲ್ಲ, ತಿಳ್ಕೊಳ್ಳಿ!" ಎಂದು ಮೈದುನನ ಮುಖಕ್ಕೇ ಹೇಳಿ ಹೋದ. ಹಾಡುಗಾರನೂ ಬೇಸಿನವನೂ ಅವನ ಹಿಂದೆ ಕ್ಷಮೆ ಕೇಳುತ್ತ ಓಡಿದರು. ಮೈದುನ ಓಡಲಿಲ್ಲ. ಎದೆಯಲ್ಲಿ ಏನೋ ಕುಸಿದಿತ್ತು, ಏನೋ ಎದ್ದು ನಿಂತಿತ್ತು. ಇಷ್ಟು ವರ್ಷ ಬೆನ್ನಷ್ಟೇ ನೋಡುತ್ತ ಬಾರಿಸಿದ ಈ ಮನುಷ್ಯನ ಕಾಲು ಹಿಡಿಯಬೇಕು ಅನಿಸಿತು.

ಭಾವ ಪೆಟ್ಟಿಗೆಯೊಂದರ ಮೇಲೆ ಕೂತು ವೈರು ಸುತ್ತುತ್ತಿದ್ದರು. ದವಡೆಯನ್ನು ಆಗಾಗ ಕೈಯಿಂದ ನೀವಿಕೊಳ್ಳುತ್ತಿದ್ದರು.

"ಭಾವ, ಒಂದು ಮಾತು ಕೇಳ್ಲಾ?" ಮೈದುನ ಅವರೆದುರು ಕುಕ್ಕರಗಾಲಲ್ಲಿ ಕೂತ. "ಎರಡು ಸಲ ತಂತಿಗೆ ಬಾಯಿಟ್ರಿ. ಎರಡು ಸಲಾನೂ ಅಷ್ಟು ಜನದ ಮುಂದೆ ಬೇಡ ಅಂತ ತಲೆ ಎತ್ತಿದ್ರಿ. ಆಗ ನಿಮ್ಮ ಮನಸ್ಸಲ್ಲಿ ಏನಿತ್ತು ಭಾವ?"

"ಮನಸ್ಸಲ್ಲೇನೋ?" ಎಂದರು ಭಾವ. "ಬಾಯಲ್ಲಿ ಹಳೇ ಹಲ್ಲಿತ್ತು. ಆ ಸಡಿಲದ್ದನ್ನ ಬಚ್ಚಲುಮನೆ ಕಿಟಕೀಲೇ ಮರೆತು ಬಂದುಬಿಟ್ಟಿದ್ದೆ. ಎಳೆದೆ ಕಣೋ ಎರಡು ಸಲ, ಕಣ್ಣಲ್ಲಿ ನೀರು ಬರೋ ಹಾಗೆ ಎಳೆದೆ. ಜಪ್ಪಯ್ಯ ಅಂದ್ರೂ ಬರ್ಲಿಲ್ಲ."