ಕೊನೆಯವನಿಗೊಂದು ಚಪ್ಪಾಳೆ

"ನಿಧಾನ ಕಣ್ಲಾ, ಬಿದ್ಬುಟ್ಟೀಯ!"

ಶ್ರೀರಂಗಪಟ್ಟಣದ ಕೋಟೆ ಬಳಿ ಎಳನೀರು ಮಾರುವ ಜಯಮ್ಮ ನನ್ನ ಮೊಬೈಲಿಗೆ ಮುಖವಿಟ್ಟು ಕೂಗುತ್ತಿದ್ದರು. ಅದರಲ್ಲಿ ಹುಡುಗನೊಬ್ಬ ಹಿಮದ ಇಳಿಜಾರಿನಲ್ಲಿ ಸರ್ರನೆ ಜಾರುತ್ತಿದ್ದ. ನಮ್ಮಿಬ್ಬರ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದ ವಿದೇಶಿ ಹೆಂಗಸು ಉಗುರು ಕಚ್ಚುತ್ತಿದ್ದಳು. ಅವಳ ಫೋನಿಗೆ ನೆಟ್‌ವರ್ಕ್ ಸಿಗದೆ ಅಳುಮೋರೆ ಮಾಡಿದ್ದಕ್ಕೆ ನಾನು ನನ್ನದನ್ನು ಕೊಟ್ಟಿದ್ದೆ.

ಅವಳದು ಯುರೋಪಿನ ತೀರಾ ಪುಟ್ಟ ದೇಶ. ಪಕ್ಕದ ದೇಶದಲ್ಲೇ ಹಿಮದಾಟಗಳ ಅಂತರರಾಷ್ಟ್ರೀಯ ಪಂದ್ಯ ನಡೆಯುತ್ತಿದೆಯಂತೆ. ಊರಿಗೆ ಊರೇ ಬಾವುಟ ಹಿಡಿದು ಬಸ್ಸು ಹತ್ತಿದೆ, ಮೊದಲೇ ಟಿಕೆಟ್ ಮಾಡಿಸಿದ್ದ ತಾನು ಮಾತ್ರ ಇಲ್ಲಿಗೆ ಬಂದು ಸಿಕ್ಕಿಕೊಂಡೆ ಎಂದು ಇಂಗ್ಲಿಷಿನಲ್ಲಿ ಗೋಳಾಡಿದಳು. ನಾನು ಅದನ್ನು ಜಯಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಪಕ್ಕದೂರಲ್ಲೇ ಅಬ್ಬ ಮಡಿಕ್ಕಂಡು ಇಲ್ಲಿ ಬಿಸ್ಲು ಕಾಯಕ್ ಬಂದವ್ಳಲ್ಲಾ!" ಎಂದು ಜಯಮ್ಮ ನಕ್ಕರು.

ಅಷ್ಟರಲ್ಲಿ ಹುಡುಗ ಗೆರೆ ದಾಟಿದ. ಆ ಹೆಂಗಸು ಚಂಗನೆ ಎದ್ದು ಕುಣಿದು, ಮಚ್ಚು ಹಿಡಿದಿದ್ದ ಜಯಮ್ಮನನ್ನೇ ತಬ್ಬಿಕೊಂಡಳು. "ಗೆದ್ನಾ?" ಎಂದು ಜಯಮ್ಮ ನನ್ನನ್ನು ಕೇಳಿದರು. ಪರದೆ ನೋಡಿದೆ. ಅವನ ಹೆಸರು ಎಲ್ಲರಿಗಿಂತ ಕೆಳಗಿತ್ತು.

"ಇಲ್ಲ ಜಯಮ್ಮ, ಕೊನೆಯವನು. ಆದರೆ ಅವರ ದೇಶದವನೊಬ್ಬ ಬೀಳದೆ ಪೂರ್ತಿ ಮಾಡಿದ್ದು ಇದೇ ಮೊದಲಂತೆ."

ಜಯಮ್ಮ ದೊಡ್ಡದೊಂದು ಎಳನೀರು ಕೊಚ್ಚಿ ಅವಳ ಕೈಗಿಟ್ಟರು. "ಬೀಳ್ದಂಗೆ ಬಂದ್ನಲ್ಲ, ಇನ್ನೇನ್ ಬೇಕು? ಕುಡಿ ಕಣವ್ವ."

ಭಾರತ ಕ್ರಿಕೆಟ್ಟಿನಲ್ಲಿ ಸೋತರೆ ಊಟ ಬಿಟ್ಟು ಮುನಿಸಿಕೊಳ್ಳುವವನು ನಾನು. ಅವತ್ತು ಕೊನೆಯವನಿಗಾಗಿ ರಸ್ತೆಬದಿಯಲ್ಲಿ ನಿಂತು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದೆ.