ಬಾಗಿಲು ಹಿಡಿದವನು

ಕೊಲ್ಲಿ ದೇಶದಲ್ಲಿ ಬೆಂಕಿ ಆರಿಸುವ ತರಬೇತಿಗೆ ನನ್ನ ಜೊತೆಗಿದ್ದವನು ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬನ ಮಗ. ಅದೇ ಹುಬ್ಬಳ್ಳಿಯ ಉಣಕಲ್ಲಿನವನಾದ ನನ್ನನ್ನು ಅಣ್ಣ ಎನ್ನುತ್ತಿದ್ದ. ಒಂದು ದಿನ ಕಬ್ಬಿಣದ ಕಂಟೇನರಿನೊಳಗೆ ಬೆಂಕಿ ಹಚ್ಚಿ, ಉಸಿರಾಟದ ಮಾಸ್ಕ್ ಹಾಕಿಸಿ ಅವನನ್ನು ಒಳಗೆ ಕಳಿಸಿದರು. ಅವನು ಒಳಹೊಕ್ಕ ಮೇಲೆ ತರಬೇತುದಾರ ನನಗೆ ಹೊರಗಿನಿಂದ ಬಾಗಿಲು ತೆರೆಯದಂತೆ ಹಿಡಿಯಲು ಹೇಳಿದ.

ಎರಡೇ ನಿಮಿಷಕ್ಕೆ ಒಳಗಿನಿಂದ ಬಡಿತ ಕೇಳಿಸಿತು.

"ಬಾಗಲಾ ತಗೀರಿ! ಮಾಸ್ಕಿನ್ಯಾಗ ಹೊಗಿ ಬರಾಕತ್ತೈತ್ರೀ!"

ತರಬೇತುದಾರ ನಕ್ಕ. "ಎಲ್ಲರೂ ಹೀಗೇ ಕಿರುಚುತ್ತಾರೆ. ತೆಗೆದರೆ ನಾಳೆಯೇ ನಿನ್ನನ್ನು ಊರಿಗೆ ಕಳಿಸುತ್ತೇನೆ," ಎಂದು ಹಿಂದಿಯಲ್ಲಿ ಹೇಳಿದ. ನಾನು ಹಿಡಿಕೆ ಬಿಡಲಿಲ್ಲ. ಬಡಿತ ನಿಂತ ಮೇಲೆಯೇ ತೆರೆದೆವು.

ಜೀವ ಉಳಿಯಿತು, ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಯಲ್ಲಿ ಏದುಸಿರು ಬಿಡುತ್ತ ಕೇಳಿದ: "ಬಾಗಲಾ ಹಿಡಿದವ್ರು ಯಾರ್ರೀ ಅಣ್ಣಾ?"

"ಆ ಟ್ರೇನಿಂಗ್ ಸಾಹೇಬ," ಎಂದೆ.

ಅವನು ನಂಬಿದ. ನನ್ನ ಕೈ ಹಿಡಿದುಕೊಂಡು ಅತ್ತ. ಮರುವಾರ ಅವನನ್ನು ಊರಿಗೆ ಕಳಿಸಿದರು. ನಾನು ಪಾಸಾದೆ.