ನಿಂತ ಚಕ್ರದ ಮಾಬುಸಾಬ್

ಕೊಟ್ಟೂರಿನಲ್ಲಿ ಮಾಬುಸಾಬ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ನಿಂತ ಚಕ್ರದ ಮಾಬು’ ಎಂದರೆ ಕೂಸುಗಳೂ ಕೈ ಮಾಡಿ ಅಂಗಡಿ ತೋರಿಸುತ್ತಿದ್ದವು. ಸುಟ್ಟುಹೋದ ಫ್ಯಾನು, ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಅರವತ್ತೆಂಟನೇ ಇಸವಿಯಲ್ಲಿ ದಾಕ್ಷಾಯಣಮ್ಮನವರ ಎಣ್ಣೆ ಮಿಲ್ಲಿನ ಚಕ್ರ ತಿಂದಿತ್ತು. ಮಿಲ್ಲಿಗೆ ಹೊಸದಾಗಿ ಟ್ಯೂಬ್‌ಲೈಟ್ ಹಾಕಿಸಿದ ವಾರ ಅದು. ಚಕ್ರ ನಿಂತದ್ದನ್ನು ಕಣ್ಣಾರೆ ನೋಡಿಯೇ ಕೈ ಇಟ್ಟೆ ಎಂದು ಅವನು ಅತ್ತು ಹೇಳಿದ.

“ನಿಂತ ಚಕ್ರ ಬೆರಳು ತಿಂತೈತೇನೋ? ಕುಡುದು ಬಂದಿದ್ದೆ ಅನ್ನು,” ಎಂದರು ಯಜಮಾನಿ ದಾಕ್ಷಾಯಣಮ್ಮ.

ಮಾಬು ಹೆಂಡವನ್ನು ಮೂಸಿಯೂ ನೋಡಿದವನಲ್ಲ. ಆದರೂ ಕೆಲಸ ಹೋಯಿತು, ಅಡ್ಡಹೆಸರು ಬಂತು. ಊರು ಅನ್ನುವುದು ಹಾಗೇ. ಹೋದ ಬೆರಳನ್ನು ಮರೆತೀತು, ನಗುವುದಕ್ಕೆ ಸಿಕ್ಕ ಮಾತನ್ನು ಮರೆಯದು. ವರ್ಷ ಕಳೆದಂತೆ ಮಾಬುವಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಬಂದುಬಿಟ್ಟಿತು.

ಎಂಬತ್ತನಾಲ್ಕರಲ್ಲಿ ಕಾಲೇಜಿನ ವಿಜ್ಞಾನದ ಮೇಷ್ಟ್ರು ನಾಗೇಂದ್ರಪ್ಪ ಅಂಗಡಿಗೆ ಬಂದರು. ಯಾವುದೋ ಪತ್ರಿಕೆ ಓದಿ ಹುರುಪೇರಿತ್ತು ಅವರಿಗೆ.

“ಎಲ್ಲಾ ವಸ್ತುವಿನೊಳಗ ಎಲೆಕ್ಟ್ರಾನ್ ಅಂತ ಅದಾವ ಮಾಬುಸಾಬ್. ಅವುಗಳ ಓಟ ಯಾವ ಕಣ್ಣಿಗೂ ಸಿಗಂಗಿಲ್ಲ. ಅದಕ್ಕ ಈಗ ಲೇಸರ್ ಬೆಳಕನ್ನ ತುಂಡು ಮಾಡ್ಯಾರ. ಒಂದು ಸೆಕೆಂಡನ್ನ ಲಕ್ಷ ಕೋಟಿ ಚೂರು ಮಾಡ್ರಿ. ಅದರಾಗಿನ ಒಂದು ಚೂರಿನಷ್ಟು ಹೊತ್ತು ಬೆಳಕು ಹೊಡಿಯೋದು, ಮತ್ತ ಹೊಡಿಯೋದು. ಆಗ ಆ ಓಟ ಹೆಜ್ಜಿ ಹೆಜ್ಜಿ ಗೊತ್ತಾಕ್ಕೈತಿ. ನಮ್ಮತ್ರ ಲೇಸರ್ ಎಲ್ಲೈತಿ? ಹುಡುಗರಿಗೆ ಫ್ಯಾನಿನಾಗಾದ್ರೂ ತೋರಸಾಣ. ಬಲ್ಬಿನ ಮುಂದ ಸೀಳು ಬಿಟ್ಟ ತಗಡಿನ ತಟ್ಟಿ ತಿರುಗಿದ್ರ ಬೆಳಕು ತುಂಡು ತುಂಡಾಗಿ ಬೀಳ್ತೈತಿ. ಅದರ ಜೋರಿಗೆ ಸರಿಯಾಗಿ ಫ್ಯಾನು ತಿರುಗಿದ್ರ, ನಿಂತಂಗ ಕಾಣ್ತೈತಿ. ಅದನ್ನ ನೀವು ಮಾಡಿಕೊಡ್ರಿ.”

ತಂತಿ ಸುತ್ತುತ್ತಿದ್ದ ಮಾಬುವಿನ ಕೈ ಅಲ್ಲೇ ನಿಂತಿತು. “ಟ್ಯೂಬ್‌ಲೈಟಿನಾಗೂ ಹಿಂಗ ಆಕ್ಕೈತೇನ್ರಿ ಸರ?”

“ಆಕ್ಕೈತಿ. ಅದು ಸೆಕೆಂಡಿಗೆ ನೂರು ಸಲ ಮಿಣುಕ್ತೈತಿ, ನಮ್ಮ ಕಣ್ಣಿಗೆ ತಿಳಿಯಂಗಿಲ್ಲ.”

ಅವನು ಮೂರು ಬೆರಳಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಖುಷಿಯಾಗಬೇಕಿತ್ತು. ಆದರೆ ಬಂದದ್ದು ಹೆದರಿಕೆ. ಅಂಥದ್ದೇ ಒಂದು ಚಕ್ರವನ್ನು ಈಗ ತನ್ನ ಕೈಯಾರೆ ಮಾಡಿ, ನೂರು ಮಂದಿಯ ನಡುವೆ ಇಡಬೇಕು.

ತಟ್ಟೆ, ಮೋಟರು ವಾರದಲ್ಲಿ ಸಿದ್ಧವಾದವು. ಫ್ಯಾನಿನ ಜಾಲರಿ ತೆಗೆಯಬೇಡಿ ಎಂದು ಅಂಗಲಾಚಿದ. ಜಾಲರಿ ಇದ್ದರೆ ರೆಕ್ಕೆ ಸರಿಯಾಗಿ ಕಾಣುವುದಿಲ್ಲವೆಂದು ಮೇಷ್ಟ್ರು ಒಪ್ಪಲಿಲ್ಲ. ಕಬ್ಬಿಣದ ರೆಕ್ಕೆ ಬೇರೆ. “ಹಂಗಾರ ಕತ್ತಲಿ ಮಾಡಾಕ ಕಿಟಕಿ ಮುಚ್ಚಿದ್ರೂ ಒಂದಕ್ಕ ಅಗಳಿ ಹಾಕಬ್ಯಾಡ್ರಿ, ಅಲ್ಲಿ ನಾನು ನಿಂದರ್ತೀನಿ,” ಎಂದ. ಆ ವಾರವೆಲ್ಲ ರಾತ್ರಿ ಎದ್ದೆದ್ದು, ಫ್ಯಾನಿನ ಪ್ಲಗ್ಗು ಕಿತ್ತಿದೆಯೇ ಎಂದು ನೋಡಿ ಬರುತ್ತಿದ್ದ. “ಫ್ಯಾನಿಗೆ ಯಾರರ ಹಿಂಗ ಅಂಜತಾರೇನ್ರಿ?” ಎಂದು ಹೆಂಡತಿ ಅಜೀಜಬಿ ನಕ್ಕಳು.

ಪ್ರಯೋಗ ತೋರಿಸುವ ಮಧ್ಯಾಹ್ನ ಕಾಲೇಜಿಗೆ ಮುಖ್ಯ ಅತಿಥಿಯಾಗಿ ಬಂದವರು ಯಾರು? ದಾಕ್ಷಾಯಣಮ್ಮನವರೇ! ಹೊಸ ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚದೆ ನಮ್ಮ ಕಡೆ ಯಾವ ಕೆಲಸವೂ ಶುರುವಾಗುವುದಿಲ್ಲ. ಅವರು ಬರುವಷ್ಟರಲ್ಲಿ ಮೇಷ್ಟ್ರು ಆತುರದಲ್ಲಿ ಫ್ಯಾನು ಹಾಕಿಯೇ ಬಿಟ್ಟಿದ್ದರು. ಅಮ್ಮನವರು ಮುಖ ಬಿಗಿದುಕೊಂಡು, ಕುಂಕುಮದ ತಟ್ಟೆ ಹಿಡಿದೇ ಮುಂದಿನ ಕುರ್ಚಿಯಲ್ಲಿ ಕೂತರು.

ಕಿಟಕಿಗಳು ಮುಚ್ಚಿದವು, ಬಲ್ಬು ಹತ್ತಿತು. ತಗಡಿನ ತಟ್ಟೆ ಗರಗರ ತಿರುಗಿತು, ಆ ಗದ್ದಲದಲ್ಲಿ ಫ್ಯಾನಿನ ಸದ್ದು ಮುಳುಗಿತು. ಮೇಷ್ಟ್ರು ರೆಗ್ಯುಲೇಟರ್ ಮೆಲ್ಲಗೆ ತಿರುವಿದರು. ರೆಕ್ಕೆಗಳು ಮೂಡಿದವು, ತೂಗಾಡಿದವು, ನಿಂತವು. ಹುಡುಗರು “ಹೋ!” ಎಂದರು. ಮೇಷ್ಟ್ರು ವಿವರಿಸಲು ಬೋರ್ಡಿನ ಕಡೆ ತಿರುಗಿದರು.

“ಈಗ ನಿಂತೈತಿ, ಹಚ್ಚಿಬಿಡ್ತೀನಿ,” ಎಂದು ದಾಕ್ಷಾಯಣಮ್ಮ ಎದ್ದೇಬಿಟ್ಟರು. ಕುಂಕುಮದಲ್ಲಿ ಅದ್ದಿದ ಬೆರಳು ಪಕ್ಕದಿಂದ ರೆಕ್ಕೆಯತ್ತ ಹೊರಟಿತು.

ಮಾಬು ಅದನ್ನು ಕಂಡ. ಕೂಗಿದರೆ ಆ ಗದ್ದಲದಲ್ಲಿ ಕೇಳಿಸದು. ಬಲ್ಬು ಆರಿಸಿದರೆ ಕತ್ತಲೆ, ಕೈ ಹಾಗೇ ಹೋಗುತ್ತದೆ. ಫ್ಯಾನು ಆರಿಸಿದರೆ ತಕ್ಷಣ ನಿಲ್ಲುವುದಿಲ್ಲ. ಅವನು ಮೈಯೆಲ್ಲ ಭಾರ ಹಾಕಿ ಕಿಟಕಿಗೆ ಗುದ್ದಿದ. ಬಾಗಿಲು ಹಾರು ಹೊಡೆದು, ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ನಿಂತಿದ್ದ ರೆಕ್ಕೆಗಳು ಮಾಯವಾದವು. ಅಲ್ಲಿ ಭರ್ರನೆ ತಿರುಗುವ ಗಾಳಿಯಷ್ಟೇ ಇತ್ತು, ಅದರಿಂದ ಗೇಣು ದೂರದಲ್ಲಿ ಅಮ್ಮನವರ ಬೆರಳು.

ಅವರ ಕೈಯಿಂದ ಕುಂಕುಮದ ತಟ್ಟೆ ಬಿತ್ತು. ಮೇಷ್ಟ್ರು ಓಡಿಬಂದು ಪ್ಲಗ್ಗು ಕಿತ್ತರು. ದಾಕ್ಷಾಯಣಮ್ಮ ಕುರ್ಚಿಗೆ ಕುಸಿದು, ತಮ್ಮ ಐದೂ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

“ಯಾಕ ನಗ್ತೀರೋ? ಅದು ನಿಂತಿತ್ತು! ನಾ ಕಣ್ಣಾರೆ ನೋಡೀನಿ, ನಿಂತಿತ್ತು!” ಎಂದರು ಅಮ್ಮ.

ಮಾಬುಸಾಬ್ ಕಿಟಕಿಯ ಹತ್ತಿರವೇ ಇದ್ದ. ಹದಿನಾರು ವರ್ಷ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಿರುಗಿದ ಎಡಗೈಯನ್ನು ಬಿಸಿಲಿಗೆ ಚಾಚಿದ.

“ಹೌದ್ರಿ ಅಮ್ಮಾರ,” ಎಂದ, “ನಂದೂ ನಿಂತಿತ್ತ್ರಿ.”